ಅಟ್ಟದ ಮೇಲಿನ ತಂಬೂರಿ (ಹಳೇ ವಾದ್ಯಗಳ ಸರಣಿ: ಭಾಗ 3)

ಹೋದ ವಾರ ಕಂಸಾಳೆ ಬಗ್ಗೆ ಬರೆದಾಗ ಕ್ಲಾಸ್‌ಮೇಟ್ ಒಬ್ಬ ಕೇಳ್ದ: "ಹಳೇ ವಾದ್ಯ ಕೂಡಿಟ್ಟು ಏನ್ ಸಿಗುತ್ತೆ ಮಗಾ?"

ಮೊದಲು ಒಂದು ಬೇಸ್ ಗಿಟಾರ್ ಕಥೆ ಕೇಳಿ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ 'ಪ್ರಿಸಿಷನ್ ಬೇಸ್' ತಂದರು. ನಾಲ್ಕೇ ತಂತಿ. 1965ರಲ್ಲಿ ಅವರ ಕಂಪನಿ ಬೇರೆಯವರ ಕೈಗೆ ಹೋಯ್ತು. ಅದಕ್ಕಿಂತ ಮುಂಚಿನ ಗಿಟಾರ್ ಅಂದ್ರೆ ಸಂಗ್ರಹಕಾರರಿಗೆ ಈಗಲೂ ಹುಚ್ಚು. ಹಿಡಿ ಬಿಚ್ಚಿ, ಬುಡದಲ್ಲಿರೋ ತಾರೀಖು ನೋಡಿ ಕೊಳ್ತಾರೆ.

ಆದರೆ ತಾರೀಖಿಗಿಂತ ದೊಡ್ಡದು, ಯಾರು ನುಡಿಸಿದ್ರು ಅನ್ನೋದು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯಲ್ಲಿ ಕೊಂಡ ಹಾಫ್ನರ್ ಬೇಸ್ 1972ರಲ್ಲಿ ಲಂಡನ್ನಿನಲ್ಲಿ ಕಳುವಾಯ್ತು. ಅಭಿಮಾನಿಗಳು, ಪತ್ರಕರ್ತರು ಸೇರಿ ಹುಡುಕಿದರು. ಸಿಕ್ಕಿದ್ದು ಎಲ್ಲಿ ಗೊತ್ತಾ? ಒಂದು ಮನೆಯ ಅಟ್ಟದಲ್ಲಿ! 2024ರ ಫೆಬ್ರವರಿಯಲ್ಲಿ ಸುದ್ದಿ ಹೊರಗೆ ಬಂತು.

ಈಗ ನಮ್ಮ ಮಾಂಬಳ್ಳಿಗೆ ಬನ್ನಿ. ನಮ್ಮ ಸೀಮೆಯ ನೀಲಗಾರರು ಮಂಟೇಸ್ವಾಮಿ, ಸಿದ್ದಪ್ಪಾಜಿ ಕಥೆಯನ್ನ ತಂಬೂರಿ ಮೀಟ್ಕೊಂಡು ರಾತ್ರಿಯೆಲ್ಲಾ ಹಾಡೋರು. ಚಿಕ್ಕಲ್ಲೂರು ಜಾತ್ರೆಗೆ ಹೋದವರಿಗೆ ಆ ನಾದ ಗೊತ್ತು. ನಮ್ಮ ಬೀದಿಯಲ್ಲೂ ಒಬ್ಬ ತಾತ ಇದ್ರು. ಅವರು ತೀರಿಕೊಂಡ ಮೇಲೆ ತಂಬೂರಿ ಅಟ್ಟ ಸೇರ್ತು. ಹೋದ ವರ್ಷ ಇಳಿಸಿ ನೋಡಿದ್ರೆ ಗೆದ್ದಲು ತಿಂದು ಹಾಕಿತ್ತು. ಅದಕ್ಕಿಂತ ಬೇಜಾರು ಏನಂದ್ರೆ, ಅವರು ಯಾವ ಸಾಲು ಹಾಡ್ತಿದ್ರು, ಯಾರ ಹತ್ರ ಕಲಿತ್ರು ಅಂತ ನಾನೂ ಕೇಳಿರಲಿಲ್ಲ.

ಕೇಳಿದವರೂ ಇದ್ದಾರೆ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಟೇಪ್ ರೆಕಾರ್ಡರ್ ಹಿಡಿದು ಊರೂರು ಅಲೆದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, 1994ರಲ್ಲಿ ರಾಮನಗರದ ಹತ್ರ ಜಾನಪದ ಲೋಕ ತೆರೆದರು. ಅಲ್ಲಿ ವಾದ್ಯಗಳ ಜೊತೆಗೆ ಹಾಡಿದವರ ದನಿಯೂ ಉಳೀತು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಅದಕ್ಕೂ ಹಳೇದು, 1968ರಲ್ಲಿ ಶುರುವಾದದ್ದು. ಅದು ಇರೋದು ಮಾನಸಗಂಗೋತ್ರಿಯಲ್ಲಿ.

ಗೆಳೆಯನಿಗೆ ನನ್ನ ಉತ್ತರ ಇಷ್ಟೇ: ಕೂಡಿಡೋದು ಅಂದ್ರೆ ಬರೀ ಮರ, ತಂತಿ ಕೂಡಿಡೋದಲ್ಲ. ಮೀಟಿದ ಕೈ ಯಾವುದು ಅಂತ ಗೊತ್ತಿಲ್ಲದಿದ್ರೆ ಎಂಥಾ ವಾದ್ಯನೂ ಮೂಕ.

ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ಅಟ್ಟ ಹತ್ತಿ ನೋಡಿ. ತಮಟೆ, ಹಾರ್ಮೋನಿಯಂ, ತಂಬೂರಿ, ಏನಿದ್ರೂ ಸರಿ. ಫೋಟೋ ತೆಗೆಯೋಕೆ ಮುಂಚೆ ಅಜ್ಜಿ ಪಕ್ಕ ಕೂತು "ಇದನ್ನ ಯಾರು ನುಡಿಸ್ತಿದ್ರು?" ಅಂತ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಕಾಮೆಂಟಲ್ಲಿ ಆ ಹೆಸರು ಬರೀರಿ. ನಾನು ಕಾಯ್ತಿರ್ತೀನಿ.

#ಹಳೇವಾದ್ಯ #ಮಾಂಬಳ್ಳಿ #ತಂಬೂರಿ