ಕುಡುಗೋಲು ಕಣದ ಚರಿತ್ರೆ

1952ರಲ್ಲಿ ಲೆಹ್ಮನ್, ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಇರುಳರೇ ಮೊದಲಾದ ಗಿರಿಜನರ ರಕ್ತದಲ್ಲಿ ಕುಡುಗೋಲಿನಂತೆ ಬಾಗುವ ಕಣಗಳನ್ನು ಕಂಡರು. ಭಾರತದಲ್ಲಿ ಈ ವ್ಯಾಧಿಯ ಚರಿತ್ರೆ ಆರಂಭವಾದುದು ಆ ವರ್ಷವೇ. ನಮ್ಮ ರಾಮನಗರ, ಮಾಗಡಿ, ಕನಕಪುರಗಳ ಕಾಡಂಚಿನಲ್ಲಿಯೂ ಇರುಳಿಗರಿದ್ದಾರೆ. ಆದುದರಿಂದ ಇದು ನಮಗೆ ದೂರದ ಕಥೆಯಲ್ಲ.

ತಂದೆತಾಯಿ ಇಬ್ಬರಿಂದಲೂ ದೋಷ ಬಂದ ಮಗುವಿಗೆ ರೋಗ. ಮಿದುಳಿನ ರಕ್ತನಾಳ ಇಕ್ಕಟ್ಟಾದರೆ ಆಡುವ ಕೂಸಿಗೂ ಲಕ್ವ ಹೊಡೆದೀತು. ಹಲವರಲ್ಲಿ ಹೊರಗೆ ಚಿಹ್ನೆಯೇ ಕಾಣದೆ ಮಿದುಳಿಗೆ ಪೆಟ್ಟು ಬಿದ್ದು ಓದು ಹಿಂದೆ ಬೀಳುತ್ತದೆ. ಉಪಾಧ್ಯಾಯರಾದ ನಾವು ಅದನ್ನು ದಡ್ಡತನವೆಂದುಬಿಡುತ್ತೇವೆ.

1998ರಲ್ಲಿ ಅಮೆರಿಕದ ವೈದ್ಯ ಆಡಮ್ಸ್ ಮತ್ತು ಸಂಗಡಿಗರು ಶಬ್ದತರಂಗದಿಂದ ಮಿದುಳಿನ ರಕ್ತವೇಗವನ್ನಳೆದು, ಅಪಾಯವಿದ್ದ ಮಕ್ಕಳಿಗೆ ಕ್ರಮವಾಗಿ ರಕ್ತ ಕೊಟ್ಟು, ಮೊದಲ ಲಕ್ವದ ಭಯವನ್ನು ಶೇಕಡ 90ಕ್ಕೂ ಮಿಗಿಲಾಗಿ ತಗ್ಗಿಸಿದರು. ನಮ್ಮಲ್ಲಿ ಗಿರಿಜನರ ರಕ್ತಪರೀಕ್ಷೆಗೆ ರಾಷ್ಟ್ರೀಯ ಅಭಿಯಾನ ಮೊದಲಾದುದು 2023ರಲ್ಲಿ. ಹಾಡಿಯ ಮಗುವಿನ ಕೈ ಸೋತರೆ ಅದು ದೇವರ ಮುನಿಸಲ್ಲ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.