ಶೇ. 8ರ ಗೆರೆ: ಬಿಯರಿನ ಮದ್ಯಸಾರ, ಅಬಕಾರಿ ಕಾನೂನು ಮತ್ತು ಚಿನ್ನದ ಗಣಿಯ ಸೀಮೆ

1. ಎರಡು ಚೀಟಿಗಳು

650 ಮಿ.ಲೀ. ಬಿಯರ್ ಬಾಟಲಿಯನ್ನೂ 180 ಮಿ.ಲೀ. ವಿಸ್ಕಿ ಕ್ವಾರ್ಟರನ್ನೂ ಪಕ್ಕಪಕ್ಕ ಇಟ್ಟು ಅವುಗಳ ಮೇಲಿನ ಚೀಟಿ ಓದಿ. ಸ್ಟ್ರಾಂಗ್ ಬಿಯರಿನ ಚೀಟಿಯಲ್ಲಿ ಮದ್ಯಸಾರ ಶೇ. 8ನ್ನು ಮೀರುವುದಿಲ್ಲ ಎಂದಿರುತ್ತದೆ. ಕ್ವಾರ್ಟರಿನ ಮೇಲೆ ಶೇ. 42.8 ಎಂದಿದ್ದು, ಅದರ ಪಕ್ಕದಲ್ಲೇ '75 ಡಿಗ್ರಿ ಪ್ರೂಫ್' ಅಥವಾ '25 ಯು.ಪಿ.' ಎಂಬ ಬ್ರಿಟಿಷರ ಕಾಲದ ಅಳತೆಯೂ ಕಾಣುತ್ತದೆ. ಲೆಕ್ಕ ಹಾಕಿದರೆ ಶೇ. 8ರ ಬಿಯರ್ ಬಾಟಲಿಯಲ್ಲಿ 52 ಮಿ.ಲೀ. ಶುದ್ಧ ಮದ್ಯಸಾರವಿದೆ, ಶೇ. 5ರ ಲೈಟ್ ಬಿಯರಿನಲ್ಲಿ 32.5 ಮಿ.ಲೀ.; ಅಂಗೈಯಲ್ಲಿ ಅಡಗುವ ಕ್ವಾರ್ಟರಿನಲ್ಲಿ 77 ಮಿ.ಲೀ. ಕ್ವಾರ್ಟರಿನ ಅರ್ಧವಾದ 'ನೈಂಟಿ'ಯಲ್ಲೇ ಒಂದು ಲೈಟ್ ಬಿಯರಿಗಿಂತ ಹೆಚ್ಚು ಮದ್ಯಸಾರವಿದೆ.

ಬಿಯರಿನ ಮದ್ಯಸಾರಕ್ಕೆ ಕಾನೂನು ಹಾಕಿದ ಮಿತಿಯನ್ನು ಸಡಿಲಿಸಬೇಕೆಂಬ ವಾದ ಜಗತ್ತಿನ ಹಲವೆಡೆ ನಡೆದಿದೆ. ಅದೇ ಪ್ರಶ್ನೆಯನ್ನು ಕೋಲಾರದ ಚಿನ್ನದ ಗಣಿಯ ಊರಾದ ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಮದ್ಯದಂಗಡಿಯ ಕೌಂಟರಿನ ಮುಂದೆ ನಿಂತು ಕೇಳಿದರೆ ಏನಾಗುತ್ತದೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ನಮ್ಮಲ್ಲಿ ಬಿಯರಿಗೆ ಎರಡು ಮಿತಿಗಳಿವೆ. ಒಂದು ಚೀಟಿಯ ಮೇಲೆ ಕಾಣುವ ಶೇ. 8ರ ಗೆರೆ, ಇನ್ನೊಂದು ತೆರಿಗೆಯೊಳಗೆ ಅಡಗಿರುವ ಗೆರೆ. ಕೂಲಿಕಾರನ ಕುಡಿತವನ್ನು ಆಳುವುದು ಈ ಎರಡನೆಯದು ಎಂಬುದು ಇಲ್ಲಿನ ವಾದ.

2. ಗೆರೆಯ ಹುಟ್ಟು

ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 8ನೇ ನಮೂದು ಮದ್ಯದ ನಿಯಂತ್ರಣವನ್ನೂ 51ನೇ ನಮೂದು ಅದರ ಮೇಲಿನ ಅಬಕಾರಿ ಸುಂಕವನ್ನೂ ರಾಜ್ಯಗಳಿಗೆ ಕೊಟ್ಟಿವೆ. 47ನೇ ವಿಧಿ ಪಾನನಿಷೇಧವನ್ನು ರಾಜ್ಯನೀತಿಯ ಗುರಿಯಾಗಿ ಇಟ್ಟಿದೆ. ಒಂದು ಕೈಯಲ್ಲಿ ಆದಾಯ, ಇನ್ನೊಂದರಲ್ಲಿ ನಿಷೇಧದ ಆದರ್ಶ: ಕರ್ನಾಟಕ ಅಬಕಾರಿ ಕಾಯ್ದೆ, 1965 ಮತ್ತು ಅದರಡಿಯ ನಿಯಮಗಳು ನಡೆದುಬಂದಿರುವುದು ಈ ಎರಡರ ನಡುವೆಯೇ. ಚಿಲ್ಲರೆ ಅಂಗಡಿಗೆ ಸಿ.ಎಲ್.-2, ಬಾರಿಗೆ ಸಿ.ಎಲ್.-9 ಎಂಬ ಸನ್ನದುಗಳ ವಿಂಗಡಣೆ 1968ರ ನಿಯಮಗಳದ್ದು. 2003ರಿಂದ ಸಗಟು ವ್ಯಾಪಾರ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ.

ಮದ್ಯಸಾರದ ಪ್ರಮಾಣದ ವಿಷಯದಲ್ಲಿ ಇಡೀ ದೇಶಕ್ಕೆ ಒಂದೇ ಅಳತೆ ಬಂದದ್ದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ನಿಯಮಾವಳಿಯಿಂದ. 2019ರ ಏಪ್ರಿಲ್ 1ರಂದು ಜಾರಿಗೆ ಬಂದ ಇದು ಶೇ. 5ರವರೆಗಿನದ್ದನ್ನು ಲೈಟ್, ಅಲ್ಲಿಂದ ಶೇ. 8ರವರೆಗಿನದ್ದನ್ನು ಸ್ಟ್ರಾಂಗ್ ಎಂದು ವಿಂಗಡಿಸಿತು. ಶೇ. 8 ದಾಟಿದ ಪೇಯ ಬಿಯರ್ ಎಂಬ ಹೆಸರಿನಲ್ಲಿ ಮಾರಾಟವಾಗುವಂತಿಲ್ಲ.

ಈ ಗೆರೆಯನ್ನು ನ್ಯಾಯಾಲಯದಲ್ಲಿ ಸ್ವಾತಂತ್ರ್ಯದ ಹೆಸರಿನಲ್ಲಿ ಅಳಿಸುವುದು ಕಷ್ಟ. ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ಸ್ಪಷ್ಟಪಡಿಸಿತು. ಹಾಗಾಗಿ ಸಡಿಲಿಕೆಯ ಯಾವ ಪ್ರಯತ್ನವಾದರೂ ಸರ್ಕಾರದ ಅಧಿಸೂಚನೆಯ ಬಾಗಿಲಲ್ಲೇ ನಿಲ್ಲಬೇಕು.

3. ಗಣಿಯ ಊರಿನ ಕುಡಿತ

1880ರಲ್ಲಿ ಎರಡು ಘಟನೆಗಳು ನಡೆದವು. ಬ್ರಿಟನ್ನಿನಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ಮಾಲ್ಟಿನ ಮೇಲಿನ ತೆರಿಗೆ ತೆಗೆದು, ಬಿಯರ್ ಹುದುಗುವ ಮೊದಲು ಅದರ ರಸ ಎಷ್ಟು ಗಟ್ಟಿಯಾಗಿದೆ ಎಂದು ಅಳೆದು ಸುಂಕ ಹಾಕುವ ಪದ್ಧತಿ ತಂದ. ಅದೇ ವರ್ಷ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದ ಚಿನ್ನದ ಗಣಿಗೆ ಕಾಲಿಟ್ಟಿತು. ಪೇಯದ ಬಲ ನೋಡಿ ತೆರಿಗೆ ಹಾಕುವ ವಿವೇಕ ಟೇಲರ್ ಕಂಪನಿಯ ಜೊತೆಗೆ ಹಡಗು ಹತ್ತಿ ಬರಲಿಲ್ಲ. ಇಲ್ಲಿ ನಡೆದದ್ದು ಅಂಗಡಿಗಳನ್ನು ಹರಾಜು ಹಾಕುವ ಅಬಕಾರಿ ಗುತ್ತಿಗೆ.

ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಕೂಲಿಕಾರರು ಸಾರಾಯಿಯನ್ನೂ ಸುತ್ತಲಿನ ಈಚಲ ಬನಗಳ ಹೆಂಡವನ್ನೂ ಕುಡಿದರು. ಬಿಯರ್ ಸಾಹೇಬರದ್ದು; ಕೆ.ಜಿ.ಎಫ್. ಕ್ಲಬ್ಬಿನ ಪಡಸಾಲೆಯದ್ದು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಇಷ್ಟೆಲ್ಲ ಆದರೂ ಗಣಿಯ ಲೈನ್ ಮನೆಗಳಿಗೆ ಬಿಯರ್ ಹಬ್ಬದ ದಿನದ ಅತಿಥಿಯಾಗಿಯೇ ಉಳಿಯಿತು.

ಮುಂದೆ ಮೂರು ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿದವು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ನಿಂತು ಸಂಬಳ ನಿಂತಿತು. ಅದೇ ದಶಕದ ಮಧ್ಯದಲ್ಲಿ ಕರಾವಳಿಯ ಹೊರಗೆ ಹೆಂಡ ಇಳಿಸುವುದು ನಿಷಿದ್ಧವಾಯಿತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಮೂರಕ್ಕೂ ಬೇರೆ ಬೇರೆ ಕಾರಣಗಳಿದ್ದವು; ಸಾರಾಯಿ ನಿಷೇಧದ ಹಿಂದೆ ಹಳ್ಳಿಯ ಹೆಂಗಸರ ನಿಜವಾದ ಸಂಕಟವಿತ್ತು. ಆದರೆ ಫಲಿತವನ್ನು ಒಟ್ಟಿಗೆ ನೋಡಬೇಕು. ಬಿಯರಿನಷ್ಟೇ ಹಗುರವಾದ, ಈ ಸೀಮೆಯದೇ ಆದ ಪೇಯ ಹೋಯಿತು. ಸಾರಾಯಿಯ ಪ್ಯಾಕೆಟ್ ಇದ್ದ ಜಾಗಕ್ಕೆ ಶೇ. 42.8ರ ಅಗ್ಗದ ವಿಸ್ಕಿ, ಬ್ರಾಂದಿಯ ಟೆಟ್ರಾ ಪ್ಯಾಕ್ ಬಂತು.

ಇಂದು ಗಣಿ ಕಾರ್ಮಿಕರ ಮಕ್ಕಳು ನಸುಕಿನಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಮರಳುತ್ತಾರೆ. ರೈಲಿಳಿದು ಮನೆ ಸೇರುವ ನಡುವಿನ ಹದಿನೈದು ನಿಮಿಷದಲ್ಲಿ ಕುಡಿಯಬೇಕೆಂದವನಿಗೆ 650 ಮಿ.ಲೀ. ತಣ್ಣನೆಯ ಬಾಟಲಿ ಉದ್ದದ ಕೆಲಸ. ನೈಂಟಿ ಒಂದೇ ಗುಟುಕು, ಕಾಸೂ ಕಡಿಮೆ. ಇಲ್ಲಿ ಕುಡಿತದ ವೇಗವನ್ನು ರುಚಿಗಿಂತ ಹೆಚ್ಚಾಗಿ ರೈಲಿನ ವೇಳೆಯೂ ಜೇಬೂ ನಿರ್ಧರಿಸುತ್ತವೆ.

4. ಹೊರಗಿನ ಸಡಿಲಿಕೆಗಳು

ಅಮೆರಿಕದಲ್ಲಿ ಪಾನನಿಷೇಧ ಸಡಿಲವಾದದ್ದೇ ಬಿಯರಿನಿಂದ. 1933ರ ಏಪ್ರಿಲ್‌ನಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ತೂಕದ ಲೆಕ್ಕದಲ್ಲಿ ಶೇ. 3.2, ಅಂದರೆ ಗಾತ್ರದ ಲೆಕ್ಕದಲ್ಲಿ ಸುಮಾರು ಶೇ. 4 ಮದ್ಯಸಾರದ ಬಿಯರ್. ಬಳಿಕ ಒಂದೊಂದು ರಾಜ್ಯವೂ ತನ್ನದೇ ಗೆರೆ ಎಳೆಯಿತು. 'ಪಾಪ್ ದ ಕ್ಯಾಪ್' ಚಳವಳಿಯ ಒತ್ತಾಯದಿಂದ ಉತ್ತರ ಕ್ಯಾರೊಲೈನಾ 2005ರಲ್ಲಿ ಶೇ. 6ರ ಮಿತಿಯನ್ನು ಶೇ. 15ಕ್ಕೆ ಏರಿಸಿತು. 'ಫ್ರೀ ದ ಹಾಪ್ಸ್' ಹೋರಾಟದ ಫಲವಾಗಿ ಅಲಬಾಮಾ 2009ರಲ್ಲಿ ಶೇ. 13.9ಕ್ಕೆ ಹೋಯಿತು. 2012ರಲ್ಲಿ ಮಿಸಿಸಿಪ್ಪಿ, 2019ರಲ್ಲಿ ಯೂಟಾ ತಮ್ಮ ಮಿತಿ ಸಡಿಲಿಸಿದವು. ಈ ಚಳವಳಿಗಳ ಬೆನ್ನೆಲುಬು ರುಚಿಯನ್ನು ಅರಸುವ ಮಧ್ಯಮವರ್ಗ. ದುಬಾರಿಯಾದ ಗಟ್ಟಿ ಬಿಯರನ್ನು ಅಮಲಿಗಾಗಿ ಯಾರೂ ಕೊಳ್ಳುವುದಿಲ್ಲ ಎಂಬುದು ಅವರ ಮುಖ್ಯ ತರ್ಕವಾಗಿತ್ತು.

ಈ ತರ್ಕ ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೆ ಒಪ್ಪೀತು, ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಗೆ ಒಪ್ಪದು. ನಮ್ಮಲ್ಲಿ ಮಾರಾಟವಾಗುವ ಬಿಯರಿನ ದೊಡ್ಡ ಪಾಲು ಸ್ಟ್ರಾಂಗೇ. ಮೈಸೂರು ಬ್ರೂವರೀಸ್‌ನ ನಾಕ್ ಔಟ್ ಮೊದಲ್ಗೊಂಡು ಸ್ಟ್ರಾಂಗ್ ಬ್ರಾಂಡುಗಳು ಗೆದ್ದದ್ದು ಕೊಟ್ಟ ಕಾಸಿಗೆ ತಕ್ಕ ಕಿಕ್ ಎಂಬ ನಂಬಿಕೆಯ ಮೇಲೆ.

ನಮಗೆ ಹೆಚ್ಚು ಪಾಠ ಹೇಳುವ ದೇಶ ಐಸ್‌ಲ್ಯಾಂಡ್. ಅಲ್ಲಿ 1935ರಲ್ಲೇ ಬಟ್ಟಿ ಇಳಿಸಿದ ಮದ್ಯಕ್ಕೆ ಅನುಮತಿ ಮರಳಿತು. ಆದರೆ ಶೇ. 2.25ಕ್ಕಿಂತ ಹೆಚ್ಚು ಮದ್ಯಸಾರದ ಬಿಯರಿಗೆ 1989ರ ಮಾರ್ಚ್ 1ರವರೆಗೆ ನಿಷೇಧವಿತ್ತು. ಬಿಯರ್ ಅಗ್ಗ, ಜನ ಅದನ್ನೇ ಹೆಚ್ಚು ಕುಡಿದಾರು ಎಂಬ ಭಯಕ್ಕೆ ಹಗುರದ ಪೇಯ ಅಪರಾಧವಾಗಿ ವೋಡ್ಕಾ ಕಾನೂನುಬದ್ಧವಾಗಿತ್ತು. ಚಿನ್ನದ ಗಣಿಯ ಸೀಮೆಯಲ್ಲಿ ಅಂಥ ನಿಷೇಧವಿಲ್ಲ. ಅದೇ ಕೆಲಸವನ್ನು ಇಲ್ಲಿ ಬೆಲೆ ಮಾಡುತ್ತದೆ.

5. ಅಡಗಿದ ಗೆರೆ

ಬಿಯರಿನ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ 2023ರ ಜುಲೈ ಬಜೆಟ್ಟಿನಲ್ಲಿ ಶೇ. 175ರಿಂದ 185ಕ್ಕೆ ಏರಿತು. 2025ರ ಜನವರಿಯಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ಬಂದವು. ಒಂದು, ಅದುವರೆಗೆ ಎಲ್ಲ ಬಿಯರಿಗೂ ಬಲ್ಕ್ ಲೀಟರಿಗೆ (ಮದ್ಯಸಾರ ಎಷ್ಟೇ ಇರಲಿ, ಪೇಯದ ಒಟ್ಟು ಲೀಟರಿಗೆ) 10 ರೂಪಾಯಿ ಇದ್ದ ಮೂಲ ಸುಂಕ ಶೇ. 5ರವರೆಗಿನದಕ್ಕೆ 12, ಅದಕ್ಕೂ ಮೇಲಿನದಕ್ಕೆ 20 ರೂಪಾಯಿ ಆಯಿತು. ಎರಡು, ಹೆಚ್ಚುವರಿ ಸುಂಕ ಶೇ. 195 ಅಥವಾ ಬಲ್ಕ್ ಲೀಟರಿಗೆ 130 ರೂಪಾಯಿ, ಯಾವುದು ಹೆಚ್ಚೋ ಅದು ಎಂದಾಯಿತು.

ಮೊದಲನೆಯದು ಗ್ಲಾಡ್‌ಸ್ಟನ್ನನ ದಾರಿ. ಆಯಾ ವರ್ಗದ ಗರಿಷ್ಠ ಬಲವನ್ನು ಹಿಡಿದು ಲೆಕ್ಕ ಮಾಡಿದರೆ ಮೂಲ ಸುಂಕ ಪ್ರತಿ ಮಿ.ಲೀ. ಮದ್ಯಸಾರಕ್ಕೆ ಲೈಟಿನಲ್ಲಿ 24 ಪೈಸೆ, ಸ್ಟ್ರಾಂಗಿನಲ್ಲಿ 25 ಪೈಸೆ. ಹಿಂದೆ ಇದು ಕ್ರಮವಾಗಿ 20 ಮತ್ತು 12.5 ಪೈಸೆ ಇತ್ತು, ಅಂದರೆ ಕಾನೂನು ಸ್ಟ್ರಾಂಗಿಗೆ ರಿಯಾಯಿತಿ ಕೊಡುತ್ತಿತ್ತು. ಆ ಓರೆ ಸರಿಹೋಯಿತು.

ಎರಡನೆಯದು ಅದನ್ನು ಅಳಿಸಿಹಾಕಿತು. 130 ರೂಪಾಯಿಯ ಕನಿಷ್ಠ ದರದಲ್ಲಿ 650 ಮಿ.ಲೀ. ಬಾಟಲಿಗೆ, ಅದು ಲೈಟಾಗಲಿ ಸ್ಟ್ರಾಂಗಾಗಲಿ, 84 ರೂಪಾಯಿ 50 ಪೈಸೆ ಬೀಳುತ್ತಿತ್ತು. ಪ್ರತಿ ಮಿ.ಲೀ. ಮದ್ಯಸಾರಕ್ಕೆ ಲೈಟಿನಲ್ಲಿ 2 ರೂಪಾಯಿ 60 ಪೈಸೆಯಾದರೆ ಸ್ಟ್ರಾಂಗಿನಲ್ಲಿ ಸುಮಾರು 1 ರೂಪಾಯಿ 63 ಪೈಸೆ. ಮೂಲ ಸುಂಕದಲ್ಲಿ ಪೈಸೆಗಳಲ್ಲಿ ತಂದ ನ್ಯಾಯವನ್ನು ಹೆಚ್ಚುವರಿ ಸುಂಕ ರೂಪಾಯಿಗಳಲ್ಲಿ ಕಸಿದುಕೊಂಡಿತು. ಅಗ್ಗದ ಬ್ರಾಂಡಿನವರಿಗೆ ಶೇ. 8ರ ಗೆರೆಗೆ ಆದಷ್ಟು ಹತ್ತಿರ ಹೋಗುವುದೇ ಜಾಣತನವಾಯಿತು.

ಇದೇ ಲೆಕ್ಕವನ್ನು ಕ್ವಾರ್ಟರಿಗೂ ಹಚ್ಚಿ ನೋಡೋಣ. ಆ ಕನಿಷ್ಠ ದರದಲ್ಲಿ ಲೈಟ್ ಬಿಯರಿನ ಮದ್ಯಸಾರಕ್ಕೆ ಬೀಳುತ್ತಿದ್ದ ಹೆಚ್ಚುವರಿ ಸುಂಕವೇ ಶೇ. 42.8ರ ವಿಸ್ಕಿಗೂ ಬಿದ್ದಿದ್ದರೆ ಲೀಟರಿಗೆ ಸುಮಾರು 1,113 ರೂಪಾಯಿ ಆಗಬೇಕಿತ್ತು. ಅಗ್ಗದ ವಿಸ್ಕಿಯ ಲೀಟರಿನ ಚಿಲ್ಲರೆ ಬೆಲೆಯೇ ಅಷ್ಟಿರಲಿಲ್ಲ.

ಗಡಿಯೂ ಕ್ವಾರ್ಟರಿನ ಕಡೆಗೇ ನೂಕುತ್ತದೆ. ಕೆ.ಜಿ.ಎಫ್.ನಿಂದ ಆಂಧ್ರ, ತಮಿಳುನಾಡು ಎರಡೂ ಹತ್ತಿರ. 2019ರ ನಂತರ ಆಂಧ್ರದಲ್ಲಿ ಅಂಗಡಿಗಳನ್ನು ಸರ್ಕಾರವೇ ನಡೆಸಿ ಬೆಲೆ ಏರಿಸಿದಾಗ ಕರ್ನಾಟಕದ ಮದ್ಯ ಗಡಿ ದಾಟಿತು. 2024ರ ಅಕ್ಟೋಬರ್‌ನಲ್ಲಿ ಅಲ್ಲಿ ಖಾಸಗಿ ಅಂಗಡಿಗಳು ಮರಳಿದವು, 99 ರೂಪಾಯಿಯ ಕ್ವಾರ್ಟರ್ ಬಂತು. ಕದ್ದು ಸಾಗಿಸುವವನು ಒಡೆಯುವ ಗಾಜಿನ ಬಾಟಲಿ ಹೊರುವುದಿಲ್ಲ. ಒಂದು ಸ್ಟ್ರಾಂಗ್ ಬಿಯರಿನ ಅಮಲು ಸುಮಾರು 120 ಮಿ.ಲೀ. ವಿಸ್ಕಿಯಲ್ಲಿ ಅಡಗಿರುವಾಗ ಅವನ ಚೀಲಕ್ಕೆ ಟೆಟ್ರಾ ಪ್ಯಾಕೇ ಸರಿ.

6. ಆಕ್ಷೇಪ

ಲೈಟ್ ಬಿಯರ್ ಅಗ್ಗವಾದರೆ ಕ್ವಾರ್ಟರ್ ಕುಡಿಯುವವನು ಅದನ್ನು ಬಿಟ್ಟು ಬಿಯರ್ ಹಿಡಿಯುತ್ತಾನೋ, ಕ್ವಾರ್ಟರಿನ ಮೇಲೆ ಬಿಯರನ್ನೂ ಕುಡಿಯುತ್ತಾನೋ? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಸ್ವೀಡನ್ 1965ರಲ್ಲಿ ದಿನಸಿ ಅಂಗಡಿಗಳಿಗೆ ಮಧ್ಯಮ ಬಲದ ಬಿಯರ್ ಬಿಟ್ಟು, ಎಳೆಯರು ಕುಡಿತಕ್ಕೆ ಬಿದ್ದರೆಂದು 1977ರಲ್ಲಿ ಹಿಂತೆಗೆದುಕೊಂಡಿತು. 2019ರ ಜನವರಿಯಲ್ಲಿ ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಬಂದ ಹೆಂಗಸರಿಗೆ ಲೈಟು, ಸ್ಟ್ರಾಂಗು ಎಂಬ ವಿಂಗಡಣೆಯೇ ಗಂಡಸರ ಕುಂಟುನೆಪವಾಗಿ ಕಂಡೀತು.

ಈ ಆಕ್ಷೇಪಕ್ಕೆ ತಲೆಬಾಗಿಯೇ ಒಂದು ಮಾತು ಹೇಳಬಹುದು. ಮದ್ಯಸಾರದ ಪ್ರಮಾಣಕ್ಕೆ ತಕ್ಕ ತೆರಿಗೆ ಎಂದರೆ ಬಿಯರನ್ನು ಅಗ್ಗ ಮಾಡುವುದಷ್ಟೇ ಅಲ್ಲ. ಅದರ ಇನ್ನೊಂದು ಕಾಲು ಅಗ್ಗದ ಕ್ವಾರ್ಟರಿನ ಮೇಲೆ ನಿಲ್ಲಬೇಕು. ಕ್ವಾರ್ಟರ್ ದುಬಾರಿಯಾಗದೆ ಬಿಯರ್ ಮಾತ್ರ ಇಳಿದರೆ ಸ್ವೀಡನ್ನಿನ ಕಥೆ ಮರುಕಳಿಸೀತು. ಬಿಯರ್ ಇಳಿಯದೆ ಕ್ವಾರ್ಟರ್ ಮಾತ್ರ ಏರಿದರೆ ಗಡಿಯಾಚೆಯ ಪೊಟ್ಟಣವೂ ಕಳ್ಳಭಟ್ಟಿಯೂ ಆ ಜಾಗಕ್ಕೆ ಬರುತ್ತವೆ.

7. ಉಪಸಂಹಾರ

ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಮಟ್ಟಿಗೆ ಶೇ. 8ರ ಗೆರೆಯನ್ನು ಮೇಲಕ್ಕೆ ಸರಿಸುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಅದನ್ನು ಹಾಗೇ ಬಿಟ್ಟು ತೆರಿಗೆಯ ಗೆರೆಯನ್ನು ಮದ್ಯಸಾರದ ಮಿಲಿಲೀಟರಿಗೆ ಕಟ್ಟುವುದು ಇಲ್ಲಿ ಬೇಕಾದ ಸಡಿಲಿಕೆ. 2025ರ ಜನವರಿಯ 12 ಮತ್ತು 20 ರೂಪಾಯಿಯ ವಿಂಗಡಣೆ ಅದಕ್ಕೆ ನೆಲಗಟ್ಟಾಗಬಲ್ಲದು, ಅದೇ ತತ್ವ ಹೆಚ್ಚುವರಿ ಸುಂಕಕ್ಕೂ ಕ್ವಾರ್ಟರಿಗೂ ಹರಿದರೆ. ಗಣಿಯ ಕಾಲದಲ್ಲಿ ಅದಿರಿಗೆ ತೂಕ ನೋಡಿ ಬೆಲೆ ಕಟ್ಟಿದವರಿಲ್ಲ; ಒಂದು ಟನ್ನಿನಲ್ಲಿ ಎಷ್ಟು ಚಿನ್ನವಿದೆ ಎಂದು ಪರೀಕ್ಷಿಸಿಯೇ ಅದರ ಯೋಗ್ಯತೆ ಹೇಳುತ್ತಿದ್ದರು. ಆ ಊರಿನ ಅಂಗಡಿಯ ಬಾಟಲಿಗೆ ಮಾತ್ರ ನಾವು 2025ರ ಜನವರಿಯಲ್ಲೂ ಗಾತ್ರ ನೋಡಿ ಸುಂಕ ಕಟ್ಟುವ ಅಭ್ಯಾಸ ಬಿಟ್ಟಿರಲಿಲ್ಲ.