ತಪ್ಪಿಹೋದ ನಿಯತಕಾರ್ಯಗಳು: ಗಣಕಯಂತ್ರದ ಇತಿಹಾಸದಲ್ಲೊಂದು ಸಮಸ್ಯೆ

ನಿಯತವೇಳೆಯಲ್ಲಿ ಮಾಡತಕ್ಕ ಕೆಲಸಗಳನ್ನು ಗಣಕಯಂತ್ರಕ್ಕೆ ಒಪ್ಪಿಸುವುದು ಈಗ ಸರ್ವಸಾಮಾನ್ಯವಾಗಿದೆ. ಕಡತಗಳ ಪ್ರತಿಯನ್ನು ತೆಗೆದಿರಿಸುವುದು, ದಿನದ ಲೆಕ್ಕವನ್ನು ಮುಗಿಸುವುದು ಮೊದಲಾದುವು ರಾತ್ರಿಯ ಹೊತ್ತು ಯಾರ ನೆರವೂ ಇಲ್ಲದೆ ನಡೆಯುತ್ತವೆ. ಆ ಹೊತ್ತಿನಲ್ಲಿ ಯಂತ್ರವೇ ನಿಂತಿದ್ದರೆ, ಮರಳಿ ಎದ್ದ ಸರ್ವರ್ ತಪ್ಪಿದ ಕೆಲಸಗಳನ್ನು ಹೇಗೆ ನಿರ್ವಹಿಸಬೇಕು? ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ನಾವು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಬೆಲ್ ಪ್ರಯೋಗಾಲಯದಿಂದ 1979ರಲ್ಲಿ ಹೊರಬಂದ ಯುನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿ ಕ್ರಾನ್ ಎಂಬ ಕ್ರಮವಿಧಿಯಿತ್ತು. ಅದು ನಿಮಿಷಕ್ಕೊಮ್ಮೆ ಎಚ್ಚೆತ್ತು, ಕೆಲಸಗಳ ಪಟ್ಟಿಯನ್ನು ಗಡಿಯಾರದೊಡನೆ ಹೋಲಿಸಿ, ಆ ನಿಮಿಷಕ್ಕೆ ಸೇರಿದುದನ್ನು ನಡೆಸಿ, ಮತ್ತೆ ವಿರಮಿಸುತ್ತಿತ್ತು. ಹಿಂದೆ ಏನು ನಡೆದಿತ್ತೆಂಬುದನ್ನು ಅದು ವಿಚಾರಿಸುತ್ತಿರಲಿಲ್ಲ. ಆದುದರಿಂದ ರಾತ್ರಿ 2 ಗಂಟೆಗೆ ಗೊತ್ತಾಗಿದ್ದ ಕೆಲಸವು, ಯಂತ್ರ 3 ಗಂಟೆಗೆ ಎದ್ದರೆ, ಯಾರಿಗೂ ತಿಳಿಯದಂತೆ ಲೋಪವಾಗುತ್ತಿತ್ತು. ಪಾಲ್ ವಿಕ್ಸಿ 1987ರಲ್ಲಿ ಪ್ರಕಟಿಸಿದ ಕ್ರಾನ್ ಬಹಳ ಪ್ರಚಾರ ಪಡೆಯಿತು. ಅದರ ಮುಂದಿನ ರೂಪಗಳಲ್ಲಿ ಯಂತ್ರ ಎದ್ದೊಡನೆ ಗೊತ್ತಾದ ಕೆಲಸವೊಂದನ್ನು ನಡೆಸುವ ಅನುಕೂಲ ದೊರೆಯಿತಾದರೂ, ತಪ್ಪಿದ್ದು ಯಾವುದೆಂಬುದನ್ನು ಕಂಡುಕೊಳ್ಳುವ ಸಾಮರ್ಥ್ಯ ಬರಲಿಲ್ಲ.

ಹಗಲಿರುಳೂ ನಡೆಯುವ ಯಂತ್ರಗಳಲ್ಲಿ ಈ ಕೊರತೆ ಅಪರೂಪವಾಗಿ ಮಾತ್ರ ತಲೆದೋರುತ್ತಿತ್ತು. ಮನೆಮನೆಯ ಯಂತ್ರಗಳು ಲಿನಕ್ಸನ್ನು ಬಳಸತೊಡಗಿದ ಮೇಲೆ, ರಾತ್ರಿ ಆರಿಸಿಡುವುದೇ ವಾಡಿಕೆಯಾದುದರಿಂದ, ಅದು ನಿತ್ಯದ ತೊಂದರೆಯಾಯಿತು. ಇದಕ್ಕೆ ಪರಿಹಾರವಾಗಿ ಬಂದುದು ಅನಾಕ್ರಾನ್. ಇದು ಪ್ರತಿಯೊಂದು ಕೆಲಸ ಕೊನೆಯ ಸಲ ನಡೆದ ದಿನಾಂಕವನ್ನು ಕಡತದಲ್ಲಿ ಬರೆದಿಡುತ್ತದೆ. ಗೊತ್ತಾದಷ್ಟು ದಿನಗಳು ಕಳೆದಿದ್ದರೆ ಕೆಲವು ನಿಮಿಷ ತಡೆದು ಆ ಕೆಲಸವನ್ನು ನಡೆಸುತ್ತದೆ. ಸಿಸ್ಟಮ್‌ಡಿ ಎಂಬ ಈಚಿನ ವ್ಯವಸ್ಥೆಯಲ್ಲಿಯೂ ಇಂತಹುದೇ ದಾಖಲೆಯ ಏರ್ಪಾಡುಂಟು. ಆದರೆ ನಿರ್ವಾಹಕನು ಬಯಸಿ ಅಳವಡಿಸಿದಲ್ಲಿ ಮಾತ್ರ ಅದು ಜಾರಿಗೆ ಬರುತ್ತದೆ.

ಇವೆರಡರಲ್ಲಿ ಒಂದು ಸೂಕ್ಷ್ಮವಾದ ಭೇದವಿದೆ. ಅನಾಕ್ರಾನ್ ದಿನಾಂಕವನ್ನು ಬರೆಯುವುದು ಕೆಲಸ ಮುಗಿದ ಮೇಲೆ. ಸಿಸ್ಟಮ್‌ಡಿ ಬರೆಯುವುದು ಕೆಲಸಕ್ಕೆ ಚಾಲನೆ ಕೊಟ್ಟಾಗ. ಕೆಲಸದ ನಡುವೆ ವಿದ್ಯುತ್ ಹೋದರೆ, ಮೊದಲನೆಯದು ಅದನ್ನು ಪುನಃ ಮಾಡಿಸುತ್ತದೆ. ಎರಡನೆಯದು ಆಗಿಹೋಯಿತೆಂದೇ ಎಣಿಸುತ್ತದೆ. ಶಾಸನವೊಂದು ದಾನದ ಆಜ್ಞೆಯನ್ನು ತಿಳಿಸುತ್ತದೆಯೋ ದಾನ ನೆರವೇರಿದುದನ್ನು ತಿಳಿಸುತ್ತದೆಯೋ ಎಂದು ವಿವೇಚಿಸುವ ಇತಿಹಾಸದ ವಿದ್ಯಾರ್ಥಿಗೆ ಈ ಭೇದ ಅಪರಿಚಿತವಲ್ಲ.

ಇನ್ನೊಂದು ಮಾತು. ಹತ್ತು ದಿನ ತಪ್ಪಿದರೂ ಈ ಎರಡು ವ್ಯವಸ್ಥೆಗಳೂ ಕೆಲಸವನ್ನು ಒಮ್ಮೆ ಮಾತ್ರ ನಡೆಸುತ್ತವೆ. ಕಡತಗಳ ಪ್ರತಿ ತೆಗೆಯಲು ಅಷ್ಟು ಸಾಕು. ದಿನದ ಲೆಕ್ಕಕ್ಕಾದರೋ ಹತ್ತು ದಿನಗಳನ್ನೂ ಬೇರೆ ಬೇರೆಯಾಗಿ ಮುಗಿಸಬೇಕು. ಮುಗಿದ ದಿನವನ್ನು ಎರಡನೆಯ ಸಲ ಸೇರಿಸಲೂ ಬಾರದು. ಆದಕಾರಣ ಇಂತಹ ಕೆಲಸಗಳು ಯಾವ ದಿನದವರೆಗಿನ ಲೆಕ್ಕ ಪೂರ್ಣವಾಗಿದೆಯೆಂಬುದನ್ನು ತಾವೇ ಬರೆದಿಟ್ಟುಕೊಳ್ಳುವುದು ಅವಶ್ಯಕವೆಂದು ನಮ್ಮ ಅಭಿಪ್ರಾಯ.